ಪಾರ್ಸಿ ಅಡುಗೆ ಪುಸ್ತಕಗಳು ಮತ್ತೆ ಅಚ್ಚಾಗಲಿ

ಮಾನ್ಯರೇ,

ಪಾರ್ಸಿ ಮನೆಗಳ ಹಳೆಯ ಅಡುಗೆ ಪುಸ್ತಕಗಳನ್ನು ಜನ ಈಗಲೂ ಹುಡುಕುತ್ತಾರೆ. ಮೆಹರ್‌ಬಾಯಿ ವಾಡಿಯಾ ಗುಜರಾತಿಯಲ್ಲಿ ಬರೆದ ‘ವಿವಿಧ ವಾಣಿ’ 19ನೇ ಶತಮಾನದ ಕೊನೆಯಲ್ಲಿ ಬಂದದ್ದು. ಅಂಗಡಿಯಲ್ಲಿ ಕೇಳಿದರೆ ಸಿಗುವಂಥದ್ದಲ್ಲ.

ಈ ಅಡುಗೆಯಲ್ಲಿ ಮನೆಯ ನಡವಳಿಕೆಯೂ ಸೇರಿಕೊಂಡಿದೆ. ಧನ್‌ಸಾಕ್ ನೋಡಿ. ಬೇಳೆ, ಕುಂಬಳಕಾಯಿ, ಬದನೆ, ಮಟನ್ ಒಟ್ಟಿಗೆ ಬೆಂದು ಗಟ್ಟಿ ಸಾರಾಗುತ್ತದೆ. ಸಾವಾದ ಮನೆಯವರು ಮೂರು ದಿನ ಮಾಂಸ ಬಿಟ್ಟು, ನಾಲ್ಕನೇ ದಿನ ಇದನ್ನು ಉಣ್ಣುವುದು ರೂಢಿ. ಅದಕ್ಕೇ ಮದುವೆ ಊಟಕ್ಕೆ ಧನ್‌ಸಾಕ್ ಮಾಡುವುದಿಲ್ಲ. ಹೋಟೆಲ್ ಮೆನು ನೋಡಿದರೆ ಇದೆಲ್ಲ ತಿಳಿಯಲ್ಲ, ಅಲ್ವಾ?

2011ರ ಜನಗಣತಿಯಲ್ಲಿ ದೇಶದ ಪಾರ್ಸಿಗಳು 57,264 ಮಾತ್ರ. ಪ್ರಕಾಶಕರು ಜಾಸ್ತಿ ತಡಮಾಡದೆ ಈ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಲಿ. ಒಂದೆರಡು ಕನ್ನಡಕ್ಕೂ ಬರಲಿ.

– ಓದುಗಿ, ಧಾರವಾಡ