ಕೈರೋಪ್ರಾಕ್ಟರ್ ಹತ್ತಿರ ಹೋಗುವ ಮುಂಚೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ಒಳ್ಳೆ ಕೈರೋಪ್ರಾಕ್ಟರ್ ಯಾರು ಅಂತ ಗುಂಪಿನಲ್ಲಿ ಪದೇ ಪದೇ ಪ್ರಶ್ನೆ ಬರುತ್ತಿದೆ. ಅದಕ್ಕೇ ಈ ಸೂಚನೆ.

ಕೈರೋಪ್ರಾಕ್ಟರ್‌ಗಳು ಎಂ.ಡಿ. ಡಾಕ್ಟರಲ್ಲ, ಇವರದು ಡಿ.ಸಿ. (ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್) ಪದವಿ. ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತುವುದೇ ಮುಖ್ಯ ಚಿಕಿತ್ಸೆ. ಒತ್ತಿದಾಗ ಬರುವ ಲಟಕ್ ಸದ್ದು ಮೂಳೆ ಜಾಗಕ್ಕೆ ಕೂತದ್ದಲ್ಲ, ಕೀಲಿನ ದ್ರವದಲ್ಲಿ ಗಾಳಿಗುಳ್ಳೆಯಿಂದ ಬರುವುದು. ನೆಟಿಗೆ ತೆಗೆದ ಹಾಗೇ ಅಲ್ವಾ! ಸೊಂಟನೋವಿಗೆ ಕೆಲವರಿಗೆ ಆರಾಮ ಸಿಗುತ್ತದೆ. ಆಸ್ತಮಾ, ಶುಗರ್ ವಾಸಿ ಮಾಡುತ್ತೇವೆ ಅಂದರೆ ಸುಮ್ನೆ ಎದ್ದು ಬನ್ನಿ.

ಲೈಸೆನ್ಸ್ ಇದೆಯಾ, ಶಿಸ್ತುಕ್ರಮ ಏನಾದರೂ ಆಗಿದೆಯಾ ಅಂತ ಇವರಿಗೆ ಲೈಸೆನ್ಸ್ ಕೊಡುವ ನಿಮ್ಮ ರಾಜ್ಯದ ಬೋರ್ಡ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿ. "ಎಷ್ಟು ಸಲ ಬರಬೇಕು? ಗುಣ ಕಾಣದಿದ್ದರೆ ಯಾವಾಗ ನಿಲ್ಲಿಸುತ್ತೀರಿ?" ಅಂತ ಮೊದಲ ದಿನವೇ ಕೇಳಿ. ವರ್ಷದ ಪ್ಯಾಕೇಜಿಗೆ ಮುಂಗಡ ಕೊಡಬೇಡಿ. ನೋವು ಏನು, ಎತ್ತ ಅಂತ ವಿಚಾರಿಸದೆ ಎಲ್ಲರಿಗೂ ಎಕ್ಸ್‌ರೇ ತೆಗೆಯುವವರು ನನಗಂತೂ ಇಷ್ಟವಿಲ್ಲ.

ಊರಿಂದ ಬಂದಿರುವ ಅಪ್ಪ ಅಮ್ಮನ ವಿಷಯದಲ್ಲಿ ಜಾಸ್ತಿ ಎಚ್ಚರ. ಮೂಳೆ ಸವೆತ, ರಕ್ತ ತೆಳುವಾಗುವ ಮಾತ್ರೆ ಇದ್ದರೆ ಮೊದಲು ಅವರ ಡಾಕ್ಟರನ್ನು ಕೇಳಿ. ಕುತ್ತಿಗೆ ತಟ್ಟನೆ ತಿರುಗಿಸಿದಾಗ ರಕ್ತನಾಳ ಸೀಳಿ ಸ್ಟ್ರೋಕ್ ಆಗಿರುವುದುಂಟು. ಅಪರೂಪ, ಆದರೂ "ಕುತ್ತಿಗೆ ಮುಟ್ಟಬೇಡಿ" ಅನ್ನುವ ಹಕ್ಕು ನಮಗಿದೆ.

ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಹೋದರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಕೈರೋಪ್ರಾಕ್ಟರ್ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ.

ಎಕ್ಸ್‌ರೇ ಫೋಟೋ ದಯವಿಟ್ಟು ಗುಂಪಿಗೆ ಹಾಕಬೇಡಿ.