ಮೀನಿನ ನೀರು, ತುಕ್ಕು ಹಿಡಿದ ಬ್ರೇಕು

ಸಂಪಾದಕರೇ,

ಮಲ್ಪೆಯಿಂದ ಮೀನು ಸಾಗಿಸುವ ಪಿಕಪ್ ನನ್ನದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ನನ್ನ ಗಾಡಿಗೂ ರಜೆ. 61 ದಿನ ಮನೆಯ ಹಿಂದೆ ಮಳೆಯಲ್ಲಿ ನಿಂತಿತ್ತು. ಅಡಿಭಾಗದಲ್ಲಿ ಮೇ ತಿಂಗಳ ಉಪ್ಪುನೀರು ಹಾಗೇ ಇತ್ತು. ತೊಳೆಯದೆ ನಿಲ್ಲಿಸಿದ್ದು ನನ್ನದೇ ತಪ್ಪು.

ಆಗಸ್ಟ್‌ನ ಮೊದಲ ಟ್ರಿಪ್‌ನಲ್ಲಿ ಸಂತೆಕಟ್ಟೆ ಹತ್ತಿರ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯಿತು. ಪಕ್ಕದಲ್ಲೇ ಸ್ಕೂಟರ್. ಸ್ವಲ್ಪದರಲ್ಲಿ ಉಳಿಯಿತು. ಗ್ಯಾರೇಜೊಂದರಲ್ಲಿ ಚಕ್ರ ಬಿಚ್ಚದೆಯೇ, "ಡಿಸ್ಕ್, ಪ್ಯಾಡ್, ಕ್ಯಾಲಿಪರ್, ಎರಡೂ ಕಡೆ ಹೊಸದೇ ಬೇಕು" ಅಂದರು. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆ, ಪ್ಯಾಡ್ ಅದನ್ನು ಎರಡೂ ಬದಿಯಿಂದ ಉಜ್ಜಿ ನಿಲ್ಲಿಸುವುದು, ಕ್ಯಾಲಿಪರ್ ಆ ಪ್ಯಾಡುಗಳನ್ನು ಒತ್ತುವ ಹಿಡಿಕೆ. ನಾನು ಸುಮ್ನೆ ಮನೆಗೆ ಬಂದೆ.

ನಮ್ಮ ಭಾವ ಗಲ್ಫ್‌ನಲ್ಲಿ ಗ್ಯಾರೇಜ್ ಕೆಲಸ ಮಾಡಿ ಬಂದವರು. ಅಂಗಳದಲ್ಲಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದೆ ಜಾಕಿ ಏರಿಸಿ, ಕೆಳಗೆ ಸ್ಟ್ಯಾಂಡ್ ಇಟ್ಟೆವು. ಬರೀ ಜಾಕಿ ನಂಬಿ ಗಾಡಿಯಡಿ ಕೈ ಹಾಕಲು ಅವರು ಬಿಡುವುದಿಲ್ಲ. ಡಿಸ್ಕ್ ಕೆಂಪಗಾಗಿತ್ತು. "ಅದಕ್ಕೆ ಹೆದರಬೇಡ ಮಾರಾಯ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗ್ತದೆ. ಪಿನ್ ನೋಡು" ಅಂದರು.

ನಿಜ. ಬಲಗಡೆ ಕ್ಯಾಲಿಪರ್ ಜಾರುವ ಪಿನ್ ತುಕ್ಕಿನಲ್ಲಿ ಕಚ್ಚಿಕೊಂಡಿತ್ತು. ಅದರ ರಬ್ಬರ್ ಟೋಪಿ ಹರಿದು ಒಳಗೆಲ್ಲ ಚಂಡಿ. ಕ್ಯಾಲಿಪರ್ ಜಾರದೆ ಒಳಗಿನ ಪ್ಯಾಡ್ ಮಾತ್ರ ಉಜ್ಜಿ ಕಬ್ಬಿಣದವರೆಗೆ ಸವೆದಿದೆ, ಹೊರಗಿನದು ಹೊಸತರ ಹಾಗೆ ದಪ್ಪ! ಬಲ ಚಕ್ರ ಸರಿಯಾಗಿ ಹಿಡಿಯದಿದ್ದರೆ ಗಾಡಿ ಎಡಕ್ಕೆ ಎಳೆಯದೆ ಇನ್ನೇನು? ಕ್ಯಾಲಿಪರನ್ನು ಬ್ರೇಕ್ ಪೈಪಿನಲ್ಲಿ ನೇತಾಡಲು ಬಿಡದೆ ತಂತಿಯಲ್ಲಿ ಕಟ್ಟಿದೆವು. ಪ್ಯಾಡ್ ಕೂರುವ ಜಾಗವನ್ನು ವೈರ್ ಬ್ರಷ್‌ನಿಂದ ಉಜ್ಜಿದೆವು. ಡಿಸ್ಕಿನ ದಪ್ಪ ಅಳೆದರೆ ಅದರ ಮೇಲೇ ಕೊರೆದ ಕನಿಷ್ಠ ಅಳತೆಗಿಂತ ಜಾಸ್ತಿ ಇತ್ತು, ಗುಳಿಯೂ ಬಿದ್ದಿರಲಿಲ್ಲ. ಹಾಗಾಗಿ ಹಳೆಯದೇ ಉಳಿಯಿತು. ಪಿನ್, ರಬ್ಬರ್, ಎರಡೂ ಕಡೆಯ ಪ್ಯಾಡ್ ಮಾತ್ರ ಹೊಸದು. ಪಿನ್ನಿಗೆ ಸಿಲಿಕಾನ್ ಗ್ರೀಸ್. ನಾನು ಬೇರಿಂಗ್ ಗ್ರೀಸಿನ ಡಬ್ಬಿ ತಂದಿದ್ದೆ, ಬೈಸಿಕೊಂಡೆ. ಅದು ತಾಗಿದರೆ ರಬ್ಬರ್ ಉಬ್ಬುತ್ತದಂತೆ. ಕೊನೆಗೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿಯೇ ಗಾಡಿ ಕದಲಿಸಿದ್ದು.

ಇದನ್ನು ಎಲ್ಲರೂ ಮನೆಯಲ್ಲೇ ಮಾಡಿ ಅನ್ನುವುದಿಲ್ಲ. ಗೊತ್ತಿದ್ದವರು ಪಕ್ಕದಲ್ಲಿ ಇಲ್ಲದಿದ್ದರೆ ನಾನೂ ಮುಟ್ಟುತ್ತಿರಲಿಲ್ಲ. ಗ್ಯಾರೇಜಿಗೇ ಹೋಗಿ, ಆದರೆ ಚಕ್ರ ಬಿಚ್ಚಿಸಿ ಕಣ್ಣಾರೆ ನೋಡಿ.

ಇನ್ನೊಂದು ವಿಷಯ. ಐಸ್ ಕರಗಿದ ಮೀನಿನ ನೀರು ನಮ್ಮ ಬ್ರೇಕಿಗೆ ಮಾತ್ರವಲ್ಲ, ರಸ್ತೆಗೂ ಬೀಳುತ್ತದೆ. ಅದರ ಮೇಲೆ ಜಾರಿ ಬೀಳುವುದು ಬೈಕಿನವರು. ಚಾಲಕರೇ, ಹೊರಡುವ ಮೊದಲು ನೀರು ಹೋಗುವ ತೂತಿಗೆ ಬಿರಡೆ ಹಾಕಿ. ಬಂದರುಗಳಿಂದ ಗಾಡಿ ಹೊರಡುವಲ್ಲಿ ಅಡಿಭಾಗ ತೊಳೆಯಲು ಒಂದು ಸಿಹಿನೀರಿನ ಪೈಪು ಕೊಟ್ಟರೆ ದುಡ್ಡು ಕೊಟ್ಟಾದರೂ ತೊಳೆಯುತ್ತೇವೆ. ಸಂಬಂಧಪಟ್ಟವರು ಮುಂದಿನ ಜೂನ್‌ಗಿಂತ ಮೊದಲು ಇದನ್ನು ಮಾಡಿಕೊಡಲಿ.

ಪಿಕಪ್ ಚಾಲಕ, ಮಲ್ಪೆ