ತುಮಕೂರಿನ ಜೆರಾಕ್ಸ್ ಅಂಗಡಿ ಅಣ್ಣನಿಗೆ

ನಮ್ಮ ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಅದೇ ನೀರು ಕುಡಿದು ಅಜ್ಜಿಗೆ ಮಂಡಿ ಮಡಚಲು ಆಗದ್ದನ್ನು ನೋಡುತ್ತಲೇ ಬೆಳೆದೆ. ಅದರ ಮೇಲೆಯೇ ಪಿಎಚ್‌ಡಿ ಮಾಡುವ ಆಸೆ. ಆದರೆ ಫೆಲೋಶಿಪ್ ಸಿಗದೆ ಓದುವ ಸ್ಥಿತಿ ಮನೆಯಲ್ಲಿಲ್ಲ.

ಅರ್ಜಿಗೆ ಕೊನೆಯ ದಿನ. ಐದೂವರೆಗೆ ಮುಚ್ಚುತ್ತದೆ, ಆಗಲೇ ನಾಲ್ಕೂಮುಕ್ಕಾಲು. ಗೈಡ್ ಕೊಟ್ಟ ಒಪ್ಪಿಗೆ ಪತ್ರದ ಫೈಲ್ ಸೈಜ್ ಜಾಸ್ತಿಯಾಗಿ ಅಪ್‌ಲೋಡ್ ಆಗುತ್ತಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಅಳುವೇ ಬಂತು.

"ಕೂತ್ಕಳಮ್ಮ, ಇನ್ನೂ ಟೈಮೈತೆ" ಅಂದರು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯ ಅಣ್ಣ. ತಮ್ಮ ಲ್ಯಾಪ್‌ಟಾಪ್ ತೆಗೆದು, ಫೋನಿನ ಹಾಟ್‌ಸ್ಪಾಟ್ ಹಾಕಿದರು. ಪತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ಫೋನಿನಲ್ಲೇ ಸ್ಕ್ಯಾನ್ ಮಾಡಿ ಸೈಜ್ ಇಳಿಸಿದರು. ಕಳಿಸುವ ಮೊದಲು ದೊಡ್ಡದು ಮಾಡಿ ತೋರಿಸಿ, "ಸೀಲು ಓದಕ್ಕಾಗುತ್ತಾ ನೋಡು" ಅಂದರು. ಅಷ್ಟು ಅವಸರದಲ್ಲೂ ಅದು ಅವರಿಗೆ ಹೊಳೆಯಿತು, ನನಗೆ ಹೊಳೆದಿರಲಿಲ್ಲ.

ಐದು ಇಪ್ಪತ್ತಕ್ಕೆ ಅರ್ಜಿ ನಂಬರ್ ಬಂತು. ಉಸಿರು ಬಿಟ್ಟೆ. ಅದನ್ನೂ ಅವರೇ ಒಂದು ಚೀಟಿಯಲ್ಲಿ ಬರೆದುಕೊಟ್ಟು, ಇಪ್ಪತ್ತೇ ರೂಪಾಯಿ ತಗೊಂಡರು.

ಹೆಸರು ಕೇಳುವುದೇ ಮರೆತೆ ಅಣ್ಣಾ. ಚೀಟಿ ಇನ್ನೂ ಪರ್ಸಿನಲ್ಲಿದೆ. ತುಂಬಾ ಥ್ಯಾಂಕ್ಸ್.